ಮನೆಯ ಬೆಲೆ, ಅದರ ಮೇಲಿನ ಖರ್ಚು

ಆ ಟೈಲರನ್ನು ಬೀದಿಯವರೆಲ್ಲ ‘ಅರ್ಧ ಇಂಚು ಮಾಸ್ತರು’ ಎನ್ನುತ್ತಿದ್ದರು. ಯಾರೇ ಅಳತೆಗೆ ಸರಿಯಾಗಿ ಬಟ್ಟೆ ತಂದರೂ, “ಹೊಲಿಗೆಯೊಳಗೆ ಹೋಗೋದಕ್ಕೆ ಅರ್ಧರ್ಧ ಇಂಚು ಎಲ್ಲಿಂದ ತರ್ಲಿ?” ಎಂದು ವಾಪಸು ಕಳಿಸುತ್ತಿದ್ದರು.

ಇಪ್ಪತ್ತೆರಡು ವರ್ಷ ಬಾಡಿಗೆ ಕಟ್ಟಿದ ಮೇಲೆ, ಅಂಗಡಿಯ ಹಿಂಬದಿಯಲ್ಲಿ ಎರಡು ಕೋಣೆಯ ಮನೆಗೆ ಮುಂಗಡ ಕೊಟ್ಟರು. ಬೆಲೆಯಲ್ಲಿ ಉಳಿದ ಹಣ ಬ್ಯಾಂಕಿನಲ್ಲಿ ಕರಾರುವಾಕ್ಕಾಗಿ ಅಷ್ಟೇ ಇತ್ತು. ಆ ಹೆಮ್ಮೆ, ಕ್ರಯಪತ್ರ ಬರಹಗಾರರ ಮೇಜಿನವರೆಗೆ ಮಾತ್ರ ಬಾಳಿತು.

“ಮುದ್ರಾಂಕ ಶುಲ್ಕ ಸರ್ಕಾರಕ್ಕೆ. ನೋಂದಣಿ ಶುಲ್ಕ, ಮನೆ ನಿಮ್ಮದು ಅಂತ ಅವರ ಪುಸ್ತಕದಲ್ಲಿ ಬರೆಸೋಕೆ. ಹಳೇ ಪತ್ರ ನೋಡಿದ ವಕೀಲರಿಗೆ ಒಂದಿಷ್ಟು, ದಲ್ಲಾಳಿಗೆ ಒಂದಿಷ್ಟು, ಮನೆ ತೆರಿಗೆ ಬಾಕಿ...” ಬರಹಗಾರರು ಚೀಟಿಯಲ್ಲಿ ಒಟ್ಟು ಹಾಕಿ ಕೊಟ್ಟರು. “ಬೆಲೆಯ ಮೇಲೆ ನೂರಕ್ಕೆ ಒಂಬತ್ತು ಮಾಸ್ತರೇ. ಶುಕ್ರವಾರದೊಳಗೆ ಆಗದಿದ್ರೆ ಮುಂಗಡ ಹೋಯ್ತು ಅಂದ್ಕೊಳ್ಳಿ.”

ಮಾಸ್ತರು ಜೋಲುಮುಖ ಹಾಕಿಕೊಂಡು ಮನೆಗೆ ಬಂದರು. ಸಂಗತಿ ಕೇಳಿದ ಹೆಂಡತಿ ಸೆರಗಿನಲ್ಲಿ ನಗು ಅಡಗಿಸಲು ನೋಡಿ ಸೋತಳು.

“ಅಲ್ರೀ, ಪ್ಯಾಂಟಿಗೆ ಬೇಕಾದ ಅರ್ಧ ಇಂಚು ಮನೆಗೆ ಬೇಡ್ವಾ?”

“ನಗಬೇಡ ಮಾರಾಯ್ತಿ, ಮನೆ ಕೈಬಿಟ್ಟು ಹೋಗ್ತಿದೆ!”

“ಹೋಗಲ್ಲ. ಚೀಟಿ ಕೊಡಿ ಇಲ್ಲಿ.” ಅವಳು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದಳು. “ಈ ತೆರಿಗೆ ಬಾಕಿ ಎರಡು ವರ್ಷದ್ದು. ಆಗ ಆ ಮನೇಲಿ ನಾವಿದ್ವಾ?”

ಮರುದಿನ ಇಬ್ಬರೂ ಕೂಡಿಯೇ ಹೋಗಿ ಅದೇ ಪ್ರಶ್ನೆ ಕೇಳಿದರು. ಬರಹಗಾರರು ಕನ್ನಡಕ ಸರಿಮಾಡಿಕೊಂಡು, “ಹೌದಲ್ಲ, ಇದು ಮಾರೋರ ತಲೆ ಮೇಲಿಂದು” ಎಂದು ಆ ಸಾಲು ಹೊಡೆದು ಹಾಕಿದರು. ಮಿಕ್ಕವುಗಳಲ್ಲಿ ಯಾವುದು ಯಾರಿಗೆ, ಯಾಕೆ ಎಂದು ಮಾಸ್ತರು ಕೇಳಿ ಕೇಳಿ ಬರೆದುಕೊಂಡರು. ನೂರಕ್ಕೆ ಏಳು ಉಳಿಯಿತು. ಅದರಲ್ಲಿ ಒಂದು ಕಾಸೂ ಕದಲಲಿಲ್ಲ.

ಬುಧವಾರ ಸ್ಕೂಟರ್ ಮಾರಿದರು. ಗುರುವಾರ, ಗುಂಡಿಗೆ ಕಾಜಾ ಹೊಲಿಯುವ ಯಂತ್ರವನ್ನೂ. ಎದುರಂಗಡಿಯ ಟೈಲರ್ ಅದರ ಮೇಲೆ ಮೂರು ವರ್ಷದಿಂದ ಕಣ್ಣಿಟ್ಟಿದ್ದ. ಅವನು ಅದನ್ನು ಹೊತ್ತೊಯ್ಯುವಾಗ ಮಾಸ್ತರು ಮುಖ ತಿರುಗಿಸಿ, ಅಗತ್ಯವಿಲ್ಲದಿದ್ದರೂ ಕತ್ತರಿ ಒರೆಸುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಪತ್ರಕ್ಕೆ ಸಹಿ ಬಿತ್ತು.

ಹೊಸ ಮನೆಯ ಮೊದಲ ಭಾನುವಾರ ಪಕ್ಕದ ಮನೆಯಾತ ಬಾಗಿಲಲ್ಲಿ ನಿಂತು, “ಎಷ್ಟಾಯ್ತು ಮಾಸ್ತರೇ ಮನೆಗೆ?” ಎಂದ.

ಗಂಡ ಹೆಂಡಿರಿಬ್ಬರೂ ಬರಿನೆಲದ ಮೇಲೆ ಶರಟುಗಳ ರಾಶಿಯ ನಡುವೆ ಕೂತು, ಕೈಯಲ್ಲೇ ಕಾಜಾ ಹೊಲಿಯುತ್ತಿದ್ದರು. ಮಾಸ್ತರು ಬಾಯಿ ತೆರೆಯುವ ಮೊದಲೇ ಹೆಂಡತಿ ದಾರ ಕಡಿದು ಹೇಳಿದಳು:

“ಇನ್ನೂ ಆಗ್ತಾ ಇದೆ ಕಣಣ್ಣ. ನಿಮ್ಗೆ ಸೂಜಿ ಪೋಣಿಸೋಕೆ ಬರುತ್ತಾ? ಬಂದ್ರೆ ಒಳಗ್ಬನ್ನಿ.”