ನೇರಳೆ ಗಿಡದೊಳಗಿನ ಡಬ್ಬಿ

ಗೆಳೆಯರೇ, ನಾಗರಪಂಚಮಿಯ ಉಂಡಿ ತಿಂದು ಡಬ್ಬಿಯನ್ನೂ ಇಟ್ಟುಕೊಂಡವನು ಎಂಬ ಹೆಸರು ನನಗಿದೆಯೆಂದು ಇಂದು ತಿಳಿಯಿತು.

ಮಚ್ಛೆಯಲ್ಲಿ ಒಬ್ಬನೇ ಇರುತ್ತೇನೆ. ಪಕ್ಕದ ಮನೆಯ ನೀಲಕ್ಕ ದಿನಾ ಕಂಪೌಂಡಿನ ಮೇಲಿಂದ ಇಣುಕಿ, “ಸರ, ಇವತ್ತೂ ಅವಲಕ್ಕಿನ ಏನ್ರಿ?” ಎಂದು ಕೇಳುತ್ತಿದ್ದರು. ನನಗೆ ನಾಚಿಕೆಯಾಗಿ, ಖಾನಾಪುರದ ನರ್ಸರಿಯಿಂದ ನೇರಳೆ ಸಸಿ ತಂದು ಗೋಡೆಯುದ್ದಕ್ಕೂ ಒತ್ತೊತ್ತಾಗಿ ನೆಟ್ಟೆ.

“ನಮ್ಮ ಅಡವಿ ಗಿಡ ಐತ್ರಿ, ಎಲಿ ಉದುರಿ ಬೋಳಾಗೂದಿಲ್ಲ. ಮೂರ ವರ್ಷದಾಗ ಬಾಜೂ ಮನಿ ಐತೋ ಇಲ್ಲೋ ಗೊತ್ತಾಗೂದಿಲ್ಲ,” ಎಂದಿದ್ದ ನರ್ಸರಿಯವನು.

ಹಾಗೇ ಆಯಿತು. ಈ ವರ್ಷ ಪಂಚಮಿಗೆ ನೀಲಕ್ಕನ ಉಂಡಿಯೂ ಬರಲಿಲ್ಲ. ನನ್ನನ್ನು ಮರೆತರು ಅಂದುಕೊಂಡೆ.

ಇಂದು ಟೊಂಗೆ ಕತ್ತರಿಸುವಾಗ, ಗೋಡೆಯ ಮೇಲೆ ಎಲೆಗಳ ನಡುವೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಒಳಗೆ ಐದು ಉಂಡಿ, ಬೂಸ್ಟು ಹಿಡಿದು ಹಸಿರಾಗಿದ್ದವು. ಸದ್ದು ಕೇಳಿ ನೀಲಕ್ಕ ಹೊರಗೆ ಬಂದರು.

“ದರ ವರ್ಷದಂಗ ಅಲ್ಲೇ ಇಟ್ಟಿದ್ನೆಲ್ರಿ! ಡಬ್ಬಿ ಹೋಗ್ಲಿ, ಉಂಡಿ ಛಲೋ ಇದ್ದುವು ಅಂತ ಒಂದ ಮಾತರೆ ಹೇಳಬೇಕಿತ್ತೋ ಇಲ್ಲೋ?”

“ಕಾಣಲೇ ಇಲ್ರಿ ಅಕ್ಕಾರ,” ಎಂದೆ.

“ಕಾಣಬಾರದಂತನ ಗಿಡಾ ಹಚ್ಚೀರಲ್ಲ,” ಎಂದು ಒಳಗೆ ಹೋದರು.

ಮರೆ ಬೇಕಾದವರು ನೇರಳೆಯನ್ನೇ ನೆಡಿ, ಮೋಸವಿಲ್ಲ. ಡಬ್ಬಿ ತೊಳೆದಿಟ್ಟಿದ್ದೇನೆ. ಖಾಲಿ ಡಬ್ಬಿ ಹಿಂತಿರುಗಿಸಬಾರದಂತೆ. ತುಂಬಿ ಕೊಡೋಣವೆಂದರೆ, ಮನೆಯಲ್ಲಿರುವುದು ಅವಲಕ್ಕಿ ಮಾತ್ರ.