ಕುರ್ಚಿ ಮೇಡಂ ಮತ್ತು ಎರಡನೆಯ ಗುಂಪು

ಮನುಷ್ಯ ಕುರ್ಚಿಯಿಂದ ಏಳುವುದು ಹೇಗೆ ಎಂಬ ಒಂದೇ ವಿಷಯವನ್ನು ಮೂವತ್ತೊಂದು ವರ್ಷ ಅಭ್ಯಾಸ ಮಾಡಿದವರನ್ನು ಜನ ಏನೆಂದು ಕರೆದಾರು? ಕುರ್ಚಿ ಮೇಡಂ ಎಂದೇ ಕರೆದರು. ಮೊದಲು ಬೆನ್ನ ಹಿಂದೆ ಓಡಾಡುತ್ತಿದ್ದ ಹೆಸರು ಕ್ರಮೇಣ ಎದುರಿಗೂ ಬಂತು. ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. “ಕಮೋಡ್ ಮೇಡಂ ಅನ್ಲಿಲ್ವಲ್ಲ, ಸದ್ಯ” ಎಂದರು. ಅದರ ಮೇಲೂ ಅವರು ನಾಲ್ಕು ವರ್ಷ ಕೆಲಸ ಮಾಡಿದ್ದರು.

ಈ ಹುಚ್ಚು ಹಿಡಿದದ್ದು ಎಂಟನೆಯ ವಯಸ್ಸಿನಲ್ಲಿ. ಆಗ ಮನೆಯ ತುಂಬ ಹಿರಿಯರು. ಅಜ್ಜಿ ಏಳುವಾಗ “ಅಮ್ಮಾ” ಎನ್ನುತ್ತಿದ್ದರು. ದೊಡ್ಡಪ್ಪ “ಹೂಂಹ್” ಎನ್ನುತ್ತಿದ್ದರು. ಸೋದರತ್ತೆ ತಾನು ಏನೂ ಅನ್ನದೆ, ಪಕ್ಕದಲ್ಲಿದ್ದವರ ಭುಜ ಹಿಡಿದು ಎದ್ದು, ಅವರ ಬಾಯಿಂದ “ಅಯ್ಯೋ” ಎನ್ನಿಸುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಕುಳಿತೇ ಹುಡುಗಿ ಈಗ ಎದ್ದವರು ಯಾರೆಂದು ಹೇಳಬಲ್ಲವಳಾಗಿದ್ದಳು. ಒಂದು ದಿನ ಅಜ್ಜಿ “ಅಮ್ಮಾ” ಎಂದರು, ಆದರೆ ಏಳಲಿಲ್ಲ. ಮತ್ತೊಮ್ಮೆ ಎಂದರು, ಆಗಲೂ ಏಳಲಿಲ್ಲ. ಅಂದಿನಿಂದ ಅಜ್ಜಿಯನ್ನು ಇಬ್ಬರು ಎಬ್ಬಿಸಬೇಕಾಯಿತು. ಎಬ್ಬಿಸುವ ಇಬ್ಬರು ಸಿಗದ ಹೊತ್ತಿನಲ್ಲಿ ಅವರು ಸುಮ್ಮನೆ ಕುಳಿತಿರುತ್ತಿದ್ದರು. ಆ ಕುಳಿತಿರುವುದನ್ನು ಹುಡುಗಿ ಮರೆಯಲಿಲ್ಲ.

ಮುಂದೆ ಫಿಸಿಯೋಥೆರಪಿ ಓದಿದಳು, ಅದರ ಮೇಲೆ ಸಂಶೋಧನೆ ಮಾಡಿದಳು, ಮೇಡಂ ಆದಳು. ವೈದ್ಯಕೀಯ ಕಾಲೇಜಿನ ನೆಲಮಹಡಿಯ ಮೂಲೆಯಲ್ಲಿ ಅವರ ಪ್ರಯೋಗಾಲಯ. ಅದರ ನಟ್ಟನಡುವೆ ಒಂದು ಮರದ ಕುರ್ಚಿ. ಅದಕ್ಕೆ ಕೈಗಳಿಲ್ಲ, ಮೆತ್ತೆಯಿಲ್ಲ, ಎತ್ತರ ಸರಿಯಾಗಿ ನಲವತ್ತಮೂರು ಸೆಂಟಿಮೀಟರು. ಕುರ್ಚಿಯ ಮುಂದೆ ನೆಲದಲ್ಲಿ ಹುದುಗಿಸಿದ ಒಂದು ಲೋಹದ ಹಲಗೆ. ಅದರ ಮೇಲೆ ನಿಂತವರ ಪಾದ ನೆಲವನ್ನು ಎಷ್ಟು ಬಲವಾಗಿ ಒತ್ತುತ್ತದೆಂದು ಅದು ಅಳೆಯುತ್ತಿತ್ತು. ಗೋಡೆಯ ಮೇಲೆ ಎಂಟು ಕ್ಯಾಮೆರಾ. ಬಂದ ಅಜ್ಜ ಅಜ್ಜಿಯರ ಮಂಡಿ, ಸೊಂಟ, ಭುಜಗಳಿಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ, “ಏಳಿ, ಕೂತ್ಕೊಳ್ಳಿ, ಏಳಿ, ಕೂತ್ಕೊಳ್ಳಿ” ಎನ್ನುವುದೇ ಮೇಡಂ ಅವರ ಕೆಲಸ. ಶಾಲೆಯಲ್ಲಿ ಇದೇ ಮಾತು ಶಿಕ್ಷೆಯಾಗಿತ್ತು ಎಂದು ಗೊಣಗಿದವರೂ ಉಂಟು.

ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ವಿಭಾಗದ ಮುಖ್ಯಸ್ಥರಿಗೆ ಆ ಕೋಣೆಯ ಮೇಲೆ ಕಣ್ಣು ಬಿದ್ದಿತ್ತು. ಅದನ್ನು ಸಭಾಂಗಣ ಮಾಡಬೇಕೆಂದು ಅವರ ಆಸೆ.

“ಮೇಡಂ, ಜನ ಎಬ್ಬಿಸೋಕೆ ಕ್ಯಾಮೆರಾ ಯಾಕೆ? ಅಲಾರಂ ಸಾಕಲ್ವಾ?” ಎಂದು ಅವರು ನಗುತ್ತಿದ್ದರು. ನಗು ನಿಂತ ಮೇಲೆ ಹೇಳಿದ್ದು ಮಾತ್ರ ನಗೆಯದಲ್ಲ: ಈ ಕೊನೆಯ ಅಧ್ಯಯನದಿಂದ ಏನಾದರೂ ಸಾಬೀತಾದರೆ ಪ್ರಯೋಗಾಲಯ ಉಳಿಯುತ್ತದೆ. ಇಲ್ಲವಾದರೆ ಕುರ್ಚಿ ಉಗ್ರಾಣಕ್ಕೆ.

ಅಧ್ಯಯನ ಸರಳವಾದದ್ದು. ಎಪ್ಪತ್ತು ದಾಟಿದ ನಲವತ್ತು ಮಂದಿ, ಎರಡು ಗುಂಪು. ಮೊದಲ ಗುಂಪಿನವರು ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ, ಕೈ ಊರದೆ ಕುರ್ಚಿಯಿಂದ ಎದ್ದು ಕೂರಬೇಕು. ಎರಡನೆಯ ಗುಂಪಿನವರಿಗೆ ವ್ಯಾಯಾಮವಿಲ್ಲ. ಅವರು ತಿಂಗಳಿಗೊಮ್ಮೆ ಬಂದು, ಒಳ್ಳೆಯ ನಿದ್ದೆ ಮತ್ತು ನೀರು ಕುಡಿಯುವುದರ ಬಗ್ಗೆ ಉಪನ್ಯಾಸ ಕೇಳಿ, ಅಲ್ಲೇ ಒಂದು ಒಳ್ಳೆಯ ನಿದ್ದೆ ಮಾಡಿ ಹೋಗಬೇಕು. ಆರು ತಿಂಗಳಾದ ಮೇಲೆ, ಮೂವತ್ತು ಸೆಕೆಂಡಿನಲ್ಲಿ ಯಾರು ಎಷ್ಟು ಸಲ ಏಳುತ್ತಾರೆಂದು ಎಣಿಸುವುದು. ಮೊದಲ ಗುಂಪು ಮುಂದೆ ಹೋಗಿ ಎರಡನೆಯದು ಇದ್ದಲ್ಲೇ ಇದ್ದರೆ ಮೇಡಂ ಗೆದ್ದಂತೆ.

ಈ ಸುದ್ದಿ ಕೇಳಿ ಮನೆಯಲ್ಲಿ ಸಂಭ್ರಮಪಟ್ಟವರು ಅತ್ತೆ. ಅವರಿಗೆ ಎಪ್ಪತ್ತೆಂಟು ವಯಸ್ಸು, ಏಳನೆಯ ತರಗತಿಯವರೆಗೆ ಓದು, ಇಡೀ ಕಟ್ಟಡಕ್ಕೆ ಕೇಳುವ ಗಂಟಲು.

“ನನ್ನನ್ನ ಯಾವ ಗುಂಪಿಗೆ ಹಾಕಿದೀಯ?”

“ಯಾವುದಕ್ಕೂ ಇಲ್ಲ ಅತ್ತೆ. ಮನೆಯವರನ್ನ ಸೇರಿಸ್ಕೊಳ್ಳೋ ಹಾಗಿಲ್ಲ. ನಿಯಮ.”

“ಓಹೋ. ಬೀದೀಲಿ ಹೋಗೋರ ಮಂಡಿಗೆಲ್ಲ ಮಣಿ ಅಂಟಿಸ್ತೀಯ, ನನ್ನ ಮಂಡಿಗೆ ನಿಯಮ!”

ಸೋಫಾದ ಇನ್ನೊಂದು ತುದಿಯಲ್ಲಿದ್ದ ಅತ್ತೆಯ ಮಗ, ಅಂದರೆ ಮೇಡಂ ಅವರ ಗಂಡ, ಪತ್ರಿಕೆಯನ್ನು ಇನ್ನಷ್ಟು ಅಗಲವಾಗಿ ಬಿಡಿಸಿಕೊಂಡ. ಮೂವತ್ತು ವರ್ಷಗಳ ಸಂಸಾರದಲ್ಲಿ ಅವನು ಕಲಿತ ಏಕೈಕ ವಿದ್ಯೆ ಅದು.

ಆಮೇಲೆ ಅತ್ತೆ ಆ ವಿಷಯ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತು ಕೆಳಗೆ ಹೋಗಿಬರುವ ಅಭ್ಯಾಸ ಮಾಡಿಕೊಂಡರು. “ಎಲ್ಲಿಗೆ ಅತ್ತೆ?” ಎಂದರೆ “ಗಾಳಿಗೆ” ಎನ್ನುತ್ತಿದ್ದರು. ಸಿಟ್ಟು ಇಳಿಯಿತೆಂದು ಮೇಡಂ ನೆಮ್ಮದಿಪಟ್ಟರು. ಅತ್ತೆಯ ಸಿಟ್ಟು ಇಳಿಯುವುದು ಮೆಟ್ಟಿಲಿನಿಂದ ಮಾತ್ರ ಎಂಬುದು ಆರು ತಿಂಗಳಾದ ಮೇಲೆ ತಿಳಿಯಿತು.

ಕೊನೆಯ ಪರೀಕ್ಷೆ ಮುಗಿಯಿತು. ಮೇಡಂ ಗಣಕಯಂತ್ರದ ಮುಂದೆ ಕುಳಿತು ಸಂಖ್ಯೆಗಳನ್ನು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಎರಡೂ ಗುಂಪು ಸರಾಸರಿ ಒಂಬತ್ತರಿಂದ ಹೊರಟಿದ್ದವು. ವ್ಯಾಯಾಮ ಮಾಡಿದ ಮೊದಲ ಗುಂಪು ಹನ್ನೊಂದಕ್ಕೆ ಬಂದಿತ್ತು. ಏನೂ ಮಾಡದ ಎರಡನೆಯ ಗುಂಪು ಹದಿನಾಲ್ಕಕ್ಕೆ!

ಹಲಗೆ ಕೆಟ್ಟಿರಬೇಕೆಂದು ಅದರ ಮೇಲೆ ತಾವೇ ನಿಂತು ನೋಡಿದರು. ಹಲಗೆ ಅವರ ತೂಕವನ್ನು, ಅವರು ಬಯಸಿದ್ದಕ್ಕಿಂತ ನಾಲ್ಕು ಕಿಲೋ ಹೆಚ್ಚಾಗಿಯೇ, ಪ್ರಾಮಾಣಿಕವಾಗಿ ತೋರಿಸಿತು. ಪಟ್ಟಿಗಳು ಅದಲುಬದಲಾಗಿವೆಯೇ ಎಂದು ಹೆಸರು ಹಿಡಿದು ನೋಡಿದರು, ಇಲ್ಲ. ಹಾಗಾದರೆ ನೀರು ಕುಡಿದು ನಿದ್ದೆ ಮಾಡಿದರೆ ತೊಡೆಗೆ ಶಕ್ತಿ ಬರುತ್ತದೆಯೇ? ಮೂವತ್ತೊಂದು ವರ್ಷ ತಾವು ಮಾಡಿದ್ದೇನು?

ಗುಂಪಿನ ಹೆಸರು ಬದಲಿಸಲು ಎರಡು ಗುಂಡಿ ಒತ್ತಿದ್ದರೆ ಸಾಕಿತ್ತು, ಕೋಣೆ ಉಳಿಯುತ್ತಿತ್ತು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಮೇಡಂ ಆ ಗುಂಡಿಗಳನ್ನು ನೋಡುತ್ತ ಕುಳಿತಿದ್ದರು. ಆಮೇಲೆ ಲೋಟ ಕೆಳಗಿಟ್ಟು, ಎರಡನೆಯ ಗುಂಪಿನ ಕಂಡಕ್ಟರ್ ತಾತನಿಗೆ ಫೋನ್ ಮಾಡಿ, ಮತ್ತೊಮ್ಮೆ ಬರಬೇಕೆಂದು ಕೇಳಿಕೊಂಡರು.

ಕಂಡಕ್ಟರ್ ತಾತ ನಲವತ್ತು ವರ್ಷ ಬಸ್ಸಿನಲ್ಲಿ ನಿಂತೇ ದುಡಿದವರು. ನಿವೃತ್ತಿಯ ಮೇಲೆ ಆ ನಲವತ್ತು ವರ್ಷವನ್ನು ಕುಳಿತೇ ತೀರಿಸಿಕೊಳ್ಳುವ ಸಂಕಲ್ಪ ಮಾಡಿದ್ದರು. ಅಂಥವರು ಮರದ ಕುರ್ಚಿಯ ಮೇಲೆ ಕೈಕಟ್ಟಿ ಕುಳಿತರು. ಮೇಡಂ “ಶುರು” ಎಂದರು.

“ಸೊಸೆ ಕಾಫಿಗೆ ಸಕ್ಕರೆ ಹಾಕಲ್ಲ” ಎಂದರು ತಾತ, ಎದ್ದರು, ಕೂತರು. “ಮಗ ಟಿವಿ ರಿಮೋಟ್ ಬಚ್ಚಿಡ್ತಾನೆ.” ಎದ್ದರು, ಕೂತರು. “ಮೊಮ್ಮಗಳು ನನ್ನ ಗೊರಕೇನ ರೆಕಾರ್ಡ್ ಮಾಡಿದಾಳೆ.” ಎದ್ದರು.

ಮೇಡಂ ಎಣಿಸುವುದನ್ನು ಮರೆತರು. “ತಾತ, ಏನಿದು?”

ತಾತ ನಾಲಿಗೆ ಕಚ್ಚಿಕೊಂಡರು. “ಅಭ್ಯಾಸ ಆಗೋಗಿದೆ ಮೇಡಂ. ಅವತ್ತು ಪರೀಕ್ಷೇಲಿ ಮನಸ್ಸಲ್ಲೇ ಹೇಳ್ಕೊಂಡಿದ್ದೆ, ಇವತ್ತು ಬಾಯಿಗೆ ಬಂದ್ಬಿಡ್ತು. ದೂರು ಇಲ್ದೆ ಈಗ ಕಾಲು ಏಳಲ್ಲ.”

“ಯಾರು ಮಾಡಿಸಿದ್ದು ಈ ಅಭ್ಯಾಸ?”

“ಹೇಳಲ್ಲ ಅಂತ ಮಾತು ಕೊಟ್ಟಿದೀನಿ” ಎಂದು ತಾತ ಎದೆಯುಬ್ಬಿಸಿದರು. ಒಂದು ಕ್ಷಣ ಬಿಟ್ಟು, “ದಿನಾ ಮೂರು ಗಂಟೆಗೆ ಸೇರ್ತೀವಿ. ನಿಮ್ಮ ಮನೆ ಕೆಳಗಡೇನೇ” ಎಂದರು.

ಮರುದಿನ ಮೂರು ಗಂಟೆಗೆ ಮೇಡಂ ತಮ್ಮ ಕಟ್ಟಡದ ಸಭೆ ಕೋಣೆಯ ಬಾಗಿಲ ಸಂದಿಯಲ್ಲಿ ನಿಂತಿದ್ದರು. ಒಳಗೆ ಮಡಚುವ ಕಬ್ಬಿಣದ ಕುರ್ಚಿಗಳು ಸುತ್ತಲೂ ಸಾಲಾಗಿದ್ದವು. ಎರಡನೆಯ ಗುಂಪಿನ ಇಪ್ಪತ್ತೂ ಮಂದಿ ಹಾಜರು. ಮೇಡಂ ಅವರ ಮೊದಲ ಗುಂಪಿನಲ್ಲಿ ಅರ್ಧ ಜನ ಎರಡನೆಯ ತಿಂಗಳಿಗೇ ವ್ಯಾಯಾಮಕ್ಕೆ ಚಕ್ಕರ್ ಹೊಡೆದಿದ್ದರು! ಮಧ್ಯದಲ್ಲಿ ಅತ್ತೆ.

“ನಿಯಮ ಮರೆತವರು ಯಾರಾದ್ರೂ ಇದ್ರೆ ಕೇಳ್ಕೊಳ್ಳಿ” ಎಂದು ಅತ್ತೆಯ ಗಂಟಲು ಮೊಳಗಿತು. “ಮನೆಯವರ ಮೇಲೆ ದೂರು ಹೇಳೋದಿದ್ರೆ ಎದ್ದು ನಿಂತು ಹೇಳ್ಬೇಕು. ಹೇಳಿ ಕೂರ್ಬೇಕು. ಇನ್ನೊಂದು ದೂರಿಗೆ ಇನ್ನೊಂದು ಸಲ. ಕೈ ಊರಿದ್ರೆ ಆ ದೂರು ವಾಪಸ್ಸು.”

ವಿದ್ಯೆಯೆಲ್ಲ ಮೇಡಂ ಅವರದೇ, ಅತ್ತೆ ಜನರನ್ನು ಕರೆಸಿದ ಪಟ್ಟಿಯೂ ಮನೆಯ ಮೇಜಿನ ಮೇಲೆ ಅವರೇ ಬಿಟ್ಟದ್ದು. ಪಾದ ಹಿಂದಕ್ಕೆ, ಎದೆ ಮುಂದಕ್ಕೆ, ಮೂಗು ಬೆರಳುಗಳ ನೇರಕ್ಕೆ. ವರ್ಷಗಟ್ಟಲೆ ಮನೆಯಲ್ಲಿ ಫೋನಿನಲ್ಲಿ ಹೇಳಿದ್ದನ್ನು ಅತ್ತೆ ಅಕ್ಷರ ಬಿಡದೆ ಹಿಡಿದಿದ್ದರು. ಸೇರಿಸಿದ್ದು ದೂರನ್ನು ಮಾತ್ರ. ಆದರೆ ಆ ವೇಗವೇನು! ಟೈಲರಮ್ಮ ಒಬ್ಬರೇ ನಾದಿನಿಯ ವಿಷಯದಲ್ಲಿ ಎಡೆಬಿಡದೆ ಇಪ್ಪತ್ತೆರಡು ಸಲ ಎದ್ದರು. ಒಬ್ಬರ ದೂರು ಕೇಳಿ ಇನ್ನೊಬ್ಬರಿಗೆ ತಮ್ಮದು ನೆನಪಾಗಿ ನಾಲ್ಕು ಕಡೆ ಒಟ್ಟಿಗೇ ಏಳುತ್ತಿದ್ದರು. ದಿನಕ್ಕೆ ಮೂವತ್ತು ಸಲ ಎಂದು ಮೇಡಂ ಚೀಟಿ ಬರೆದುಕೊಟ್ಟಿದ್ದರೆ, ಇಲ್ಲಿ ಅರ್ಧ ಗಂಟೆಯಲ್ಲಿ ಒಬ್ಬೊಬ್ಬರದೂ ಅರವತ್ತು ದಾಟುತ್ತಿತ್ತು.

ಒಳಗೆ ನುಗ್ಗಿ ರಂಪ ಮಾಡಬೇಕೆಂದು ಮೇಡಂ ಬಾಗಿಲಿಗೆ ಕೈ ಹಾಕಿದರು. ಅಷ್ಟರಲ್ಲಿ ಅತ್ತೆಯೇ ಎದ್ದು ನಿಂತರು.

“ನನ್ನ ಸೊಸೆಗೆ ಮೂವತ್ತು ವರ್ಷ ಆದ್ರೂ ಉಪ್ಪಿನ ಅಂದಾಜಿಲ್ಲ.” ಕೂತರು, ಮತ್ತೆ ಎದ್ದರು. “ಫ್ಯಾನ್ ಹಾಕಿ ಮರೀತಾಳೆ.” ಕೂತರು. ಮೂರನೆಯ ಸಲ ಏಳುವಾಗ ಸ್ವಲ್ಪ ತಡವಾಯಿತು. “ಊರಿನವರನ್ನೆಲ್ಲ ಏಳಿಸ್ತಾಳೆ. ನಾನು ಎದ್ನೋ ಬಿದ್ನೋ ಅಂತ ಒಂದು ದಿನ ತಿರುಗಿ ನೋಡಿಲ್ಲ.”

ಅದಕ್ಕೆ ಯಾರೂ ನಗಲಿಲ್ಲ. ಮೇಡಂ ಕೈಯನ್ನು ಬಾಗಿಲಿನಿಂದ ತೆಗೆದು, ಸದ್ದಿಲ್ಲದೆ ಮೇಲೆ ಹೋದರು. ಆ ಸಂಜೆ ಅಡುಗೆಯಲ್ಲಿ ಉಪ್ಪು ಇನ್ನೂ ಕೆಟ್ಟಿತ್ತು.

ವಾರದ ನಂತರ ಸಮಿತಿ ಕುಳಿತಿತು: ಮುಖ್ಯಸ್ಥರು ಮತ್ತು ಹೊರಗಿನಿಂದ ಬಂದ ಇಬ್ಬರು ಹಿರಿಯ ಪ್ರಾಧ್ಯಾಪಕರು. ಮೇಡಂ ಕಾಗದ ಮಡಚಿ ಪಕ್ಕಕ್ಕಿಟ್ಟು ಹೇಳಿದರು: “ನನ್ನ ಅಧ್ಯಯನ ಹಾಳಾಗಿದೆ. ಸುಮ್ಮನಿರಬೇಕಾದ ಗುಂಪು ನನ್ನದೇ ವ್ಯಾಯಾಮವನ್ನು ಗುಟ್ಟಾಗಿ ಮಾಡಿದೆ. ಮಾಡಿಸಿದವರು ನಮ್ಮ ಅತ್ತೆ.”

ಮುಖ್ಯಸ್ಥರ ಕಣ್ಣಿನಲ್ಲಿ ಸಭಾಂಗಣದ ದೀಪಗಳು ಹೊತ್ತಿಕೊಂಡವು. ಆದರೆ ಹಿರಿಯ ಪ್ರಾಧ್ಯಾಪಕರೊಬ್ಬರು ಮುಂದಕ್ಕೆ ಬಾಗಿದರು.

“ಅವರ ಹತ್ರ ಹಾಜರಾತಿ ಎಷ್ಟಿತ್ತು?”

“ಇಪ್ಪತ್ತಕ್ಕೆ ಇಪ್ಪತ್ತು, ಸಾರ್. ಆರು ತಿಂಗಳೂ.”

“ನನ್ನ ಜೀವಮಾನದಲ್ಲಿ ಯಾವ ವ್ಯಾಯಾಮಕ್ಕೂ ಅಷ್ಟು ಜನ ಬಂದದ್ದು ನಾನು ಕಂಡಿಲ್ಲ. ಅದೇನಮ್ಮ ಅವರ ಪದ್ಧತಿ?”

ಮೇಡಂ ಹೇಳಿದರು. ಪ್ರಾಧ್ಯಾಪಕರಿಬ್ಬರೂ ನಕ್ಕು ಕಣ್ಣೊರೆಸಿಕೊಂಡರು. ಮುಖ್ಯಸ್ಥರು ಮಾತ್ರ, “ಇದನ್ನ ವಿಜ್ಞಾನ ಅಂತ ಹೇಗೆ ಕರೆಯೋದು? ದೂರುಗಳು ಮುಗಿದುಹೋದರೆ?” ಎಂದರು.

“ಅತ್ತೆಯನ್ನೂ ಇದೇ ಕೇಳಿದೆ, ಸಾರ್. ಮನೆ ಇರೋವರೆಗೂ ಅದಕ್ಕೆ ಬರ ಇಲ್ಲ ಅಂದ್ರು.”

ತೀರ್ಮಾನ ಬರಹದಲ್ಲಿ ಬಂತು. ಹಳೆಯ ಅಧ್ಯಯನ ಸೋತದ್ದೆಂದೇ ದಾಖಲಾಯಿತು. ಕೋಣೆಯ ಅರ್ಧಕ್ಕೆ ಅಡ್ಡಗೋಡೆ ಹಾಕಿ ಮುಖ್ಯಸ್ಥರಿಗೆ ಕೊಟ್ಟರು. ಉಳಿದರ್ಧದಲ್ಲಿ ಕುರ್ಚಿ, ಹಲಗೆ, ನಾಲ್ಕು ಕ್ಯಾಮೆರಾ ಮತ್ತು ಎರಡು ವರ್ಷ: ಅತ್ತೆಯ ಪದ್ಧತಿಯನ್ನು ಸರಿಯಾಗಿ ಪರೀಕ್ಷಿಸಲು. ನಿವೃತ್ತಿಯ ನಂತರವೂ ಮೇಡಂ ಬಂದು ಹೋಗಬಹುದು.

ಅತ್ತೆ ಸಹಕರಿಸಲು ಒಂದೇ ಷರತ್ತು ಹಾಕಿದರು. ಅದರಂತೆ ಒಂದು ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ಹಾಕಿ, ಮೇಡಂ ಮಂಡಿಯೂರಿ ಕುಳಿತು, ಅತ್ತೆಯ ಮಂಡಿಗೆ, ಸೊಂಟಕ್ಕೆ, ಭುಜಕ್ಕೆ ಒಂದೊಂದಾಗಿ ಗುಂಡು ಅಂಟಿಸಿದರು. ಎಡ ಮಂಡಿ ಬಲಕ್ಕಿಂತ ಊದಿಕೊಂಡಿತ್ತು.

“ಯಾವಾಗಿಂದ ಅತ್ತೆ ಇದು?”

“ಹೋದ ವರ್ಷದಿಂದ. ನೀನು ಮೊದಲು ಯಂತ್ರ ಹಾಕು.”

ಮೇಡಂ ಗಡಿಯಾರ ಒತ್ತಿದರು. ಸಮಯ ಕಡಿಮೆಯಾದ್ದರಿಂದ ಅತ್ತೆ ಒಂದೊಂದು ದೂರಿಗೆ ಒಂದೊಂದೇ ಮಾತು ಖರ್ಚು ಮಾಡಿದರು. “ಉಪ್ಪು.” ಎದ್ದರು. “ಫ್ಯಾನು.” ಎದ್ದರು. “ಪರದೆ. ಚಪ್ಪಲಿ. ನಿಮ್ಮಮ್ಮ.” ಹದಿನೈದಕ್ಕೆ ಬಂದರು, ಹದಿನಾರು, ಹದಿನೇಳು. ಅಲ್ಲಿಗೆ ಕುಳಿತ ಅತ್ತೆ ಬಾಯಿ ತೆರೆದು, ಯೋಚಿಸಿ, ಮತ್ತೆ ಮುಚ್ಚಿದರು.

“ಇನ್ನೂ ಐದು ಸೆಕೆಂಡಿದೆ ಅತ್ತೆ! ಎದ್ನೋ ಬಿದ್ನೋ ಅನ್ನೋದು ಒಂದಿತ್ತಲ್ಲ?”

ಅತ್ತೆ ಸೊಸೆಯ ಮುಖ ನೋಡಿದರು. ಅಂದು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡದ್ದು ಅರ್ಥವಾಯಿತು. ಆಮೇಲೆ ತಮ್ಮ ಮಂಡಿಯ ಮೇಲಿನ ಗುಂಡನ್ನು ನೋಡಿಕೊಂಡರು.

“ಅದು ಇವತ್ತು ಬೆಳಿಗ್ಗೆ ತೀರ್ತು” ಎಂದರು. ಆಮೇಲೆ ಗಡಿಯಾರ ಕಿತ್ತುಕೊಂಡು, “ಈಗ ನೀನು ಕೂತ್ಕೋ. ನಿನಗೂ ಇರುತ್ತಲ್ಲ ನನ್ನ ಮೇಲೆ? ಹೇಳು, ಧಾರಾಳವಾಗಿ ಹೇಳು” ಎಂದರು.

ಮೂವತ್ತೊಂದು ವರ್ಷದಲ್ಲಿ ಮೇಡಂ ಆ ಕುರ್ಚಿಯ ಮೇಲೆ ಕುಳಿತದ್ದು ಅದೇ ಮೊದಲು. ಹೇಳಬೇಕಾದದ್ದು ಬೇಕಾದಷ್ಟಿತ್ತು. ಮೊದಲನೆಯದನ್ನು ಆರಿಸಿಕೊಂಡು, ಉಸಿರೆಳೆದು, “ಅಮ್ಮಾ” ಎನ್ನುತ್ತ ಎದ್ದರು.

“ಕೈ ಊರಿದೀಯ” ಎಂದರು ಅತ್ತೆ. “ಆ ದೂರು ವಾಪಸ್ಸು.”