ತಾರೀಕಪ್ಪನ ಹುಟ್ಟಿದ ದಿನ

ನನ್ನ ತಮ್ಮ ಊರಿನ ಗ್ರಂಥಾಲಯದಲ್ಲಿ ಅಟೆಂಡರ್ ಆಗಿದ್ದ. ಬಾಗಿಲು ತೆಗೆಯುವುದು, ದೂಳು ಹೊಡೆಯುವುದು, ಓದಿ ಬಿಟ್ಟ ಪುಸ್ತಕ ಎತ್ತಿಡುವುದು ಅವನಿಗೆ ಕೊಟ್ಟ ಕೆಲಸ. ತನ್ನ ಕೆಲಸ ಎಂದು ಅವನು ತಿಳಿದುಕೊಂಡದ್ದು ಬೇರೆ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ‘ಇತಿಹಾಸದಲ್ಲಿ ಈ ದಿನ’ ಎಂದು ಬರೆದು, ಅದೇ ತಾರೀಕಿನಲ್ಲಿ ಹಿಂದೆ ನಡೆದ ನಾಲ್ಕು ಸಂಗತಿ ಕೆಳಗೆ ಹಾಕುತ್ತಿದ್ದ. ಒಬ್ಬ ದೊರೆ ಸತ್ತದ್ದು, ಒಂದು ಯುದ್ಧ ನಿಂತದ್ದು, ಯಾರೋ ಬೆಟ್ಟ ಹತ್ತಿದ್ದು, ಎಲ್ಲೋ ಹಡಗು ಮುಳುಗಿದ್ದು. ದೊರೆಗೂ ಹಡಗಿಗೂ ಸಂಬಂಧವಿಲ್ಲ; ತಾರೀಕು ಒಂದೇ, ಅಷ್ಟೆ. ಮೂವತ್ತೊಂದು ವರ್ಷ ಹೀಗೆ ಬರೆದ. ಜನ ಅವನನ್ನು ತಾರೀಕಪ್ಪ ಎಂದರು. ಹೆತ್ತವರು ಇಟ್ಟ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿಯಿತು.

ತಪ್ಪು ತಾರೀಕು ಕಿವಿಗೆ ಬಿದ್ದರೆ ಅವನ ನಾಲಿಗೆ ನಿಲ್ಲುತ್ತಿರಲಿಲ್ಲ. ನನ್ನ ಗಂಡ ತೀರಿಕೊಂಡ ದಿನ, ಬಂದವರ ಮುಂದೆ ನಾನು ಮೂವತ್ತು ವರ್ಷ ಜೊತೆಗಿದ್ದವರು ಎಂದು ಅಳುತ್ತಿದ್ದೆ. ಇವನು ಪಕ್ಕದಲ್ಲಿ ಕೂತು ಮೆಲ್ಲಗೆ, “ಇಪ್ಪತ್ತೊಂಬತ್ತೂವರೆ, ಅಕ್ಕ” ಅಂದ. ಲೆಕ್ಕ ಅವನದೇ ಸರಿ. ಆಮೇಲೆ ನಾನು ಅವನ ಮನೆಗೇ ಬಂದೆ, ದರ್ಜಿಯ ಅಂಗಡಿಗೆ ಕಾಜಾ ಹೊಲಿದುಕೊಂಡು ಅಲ್ಲೇ ಇದ್ದೇನೆ.

ಇಂಥವನಿಗೆ ತಾನು ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೇಳಿದರು, ನಮ್ಮಮ್ಮ ‘ದೀಪ ಬಂದ ದಿನ’ ಅಂದಳು. ದೀಪ ಬಂದ ದಿನಕ್ಕೆ ರಿಜಿಸ್ಟರಿನಲ್ಲಿ ಜಾಗ ಎಲ್ಲಿದೆ? ಮೇಷ್ಟ್ರು ಅಂದಾಜಿನ ಮೇಲೆ ಒಂದು ವರ್ಷ ಹಾಕಿ, ಸೆಪ್ಟೆಂಬರ್ ಒಂದು ಎಂದು ಬರೆದುಕೊಂಡರು. ಅಂದು ಸೇರಿದ ಹದಿನೇಳು ಮಕ್ಕಳಿಗೂ ಅದನ್ನೇ ಬರೆದರು. ಒಂದೇ ದಿನ ಒಂದೇ ಊರಲ್ಲಿ ಹದಿನೇಳು ಹೆರಿಗೆ. ಕರಿಹಲಗೆಗೆ ಹಾಕುವಂಥ ಸಂಗತಿಯೇ, ಆದರೆ ಅದನ್ನು ಮಾತ್ರ ಅವನು ಯಾವ ವರ್ಷವೂ ಬರೆಯಲಿಲ್ಲ.

ಅರವತ್ತು ತುಂಬಿದರೆ ನಿವೃತ್ತಿ. ಮೇಷ್ಟ್ರ ಪ್ರಕಾರ ಅವನಿಗೆ ಅರವತ್ತಾಗುವುದು ಸೆಪ್ಟೆಂಬರಿನಲ್ಲಿ. ಗ್ರಂಥಾಲಯಕ್ಕೆ ನೂರು ತುಂಬುವುದು ಅದರ ಮುಂದಿನ ಮೇ ತಿಂಗಳಲ್ಲಿ. ಆ ದಿನದ ಹಲಗೆ ತಾನೇ ಬರೆಯಬೇಕು ಎಂದು ಅವನಿಗೆ ಹತ್ತು ವರ್ಷದಿಂದ ಆಸೆ. ಏನು ಬರೆಯುವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಇಟ್ಟುಕೊಂಡಿದ್ದ.

ಆ ಬೇಸಿಗೆಯಲ್ಲಿ ಊರಿನ ಚರಿತ್ರೆಯ ಪುಸ್ತಕ ತಿರುವಿಹಾಕುತ್ತಿದ್ದಾಗ ಅವನ ಕಣ್ಣಿಗೆ ಬಿತ್ತು: ಊರಿಗೆ ವಿದ್ಯುದ್ದೀಪ ಬಂದದ್ದು ಮೇಷ್ಟ್ರು ಬರೆದ ವರ್ಷದ ಮುಂದಿನ ವರ್ಷ, ಜೂನ್ ಹದಿನಾಲ್ಕು. ದೀಪ ಬಂದ ದಿನ ಹುಟ್ಟಿದವನು ಅಂದಮೇಲೆ ಕೆಲಸ ಸೆಪ್ಟೆಂಬರ್ ದಾಟಿ ಇನ್ನೂ ಒಂಬತ್ತೂವರೆ ತಿಂಗಳು ಉಳಿಯಿತು, ಮೇ ಅದರೊಳಗೇ ಬಂತು. ನೆಲದ ಮೇಲೆ ಕಾಲಿಲ್ಲದವನ ಹಾಗೆ ಮನೆಗೆ ಬಂದ. ಮೇಲಿನ ಕಚೇರಿಗೆ ಅರ್ಜಿ ಹಾಕಿದ್ದೇನೆ, ಹಿರಿಯರೊಬ್ಬರ ಸಾಕ್ಷಿ ಬೇಕಂತೆ, ನೀನೇ ಬರಬೇಕು ಅಂದ.

ನಾನು ಸೂಜಿ ಕೆಳಗಿಟ್ಟೆ. ಅವನು ಹುಟ್ಟಿದಾಗ ನನಗೆ ಹನ್ನೊಂದು ವರ್ಷ, ಎಲ್ಲ ನೆನಪಿದೆ. ಅವನು ಹೇಳುವುದು ಮಂತ್ರಿ ಬಂದು ಗುಂಡಿ ಒತ್ತಿದ ದಿನ. ಅವತ್ತು ಅವನು ನನ್ನ ಸೊಂಟದ ಮೇಲಿದ್ದ, ವಾದ್ಯದ ಸದ್ದಿಗೆ ಹೆದರಿ ನನ್ನ ಜಡೆ ಹಿಡಿದೆಳೆದ. ದೀಪ ಮೊದಲು ಹತ್ತಿದ್ದು ಅದಕ್ಕೆ ಒಂದು ವರ್ಷಕ್ಕೂ ಹಿಂದೆ. ಲೈನ್‌ಮ್ಯಾನ್ ಒಬ್ಬ ನಮ್ಮ ಬೀದಿಯ ಕಂಬ ಹತ್ತಿ ಒಂದು ಗಂಟೆ ಉರಿಸಿ ನೋಡಿ ಆರಿಸಿಹೋದ. ಸೂಲಗಿತ್ತಿ ಮಗುವನ್ನು ಕಿಟಕಿಗೆ ಹಿಡಿದು ಗಂಡು ಅಂದದ್ದು ಆ ಬೆಳಕಿನಲ್ಲಿ.

ಅವನ ಮುಖ ಇಳಿಯಿತು. ಸುಮ್ಮನಿರಬಹುದಿತ್ತು. ಆದರೆ ನೋಡದೆ ಇರಲಾಗದೆ ಮರುದಿನವೇ ವಿದ್ಯುತ್ ಕಚೇರಿಗೆ ಹೋಗಿ ಹಳೆಯ ದಾಖಲೆ ತೆಗೆಸಿದ. ಏಪ್ರಿಲ್ ಹನ್ನೊಂದು, ಒಂದು ಗಂಟೆ ಪರೀಕ್ಷೆ ಎಂದಿತ್ತು. ಅಂದರೆ ಮೇಷ್ಟ್ರು ಬರೆದುದಕ್ಕಿಂತಲೂ ಅವನು ಐದು ತಿಂಗಳು ದೊಡ್ಡವನು.

“ಅಕ್ಕ, ನೀನು ಸುಳ್ಳು ಹೇಳೋದು ಬೇಡ” ಅಂದ. “ದೀಪ ಬಂದ ದಿನ ಹುಟ್ಟಿದ ಅಂತ ಅಮ್ಮ ಹೇಳ್ತಿದ್ಲು, ಅಷ್ಟು ಹೇಳು ಸಾಕು. ತಾರೀಕು ಅವರೇ ಪುಸ್ತಕ ನೋಡಿ ಬರ್ಕೋತಾರೆ.”

“ನನ್ನ ಬಾಯಿ ನಾನು ಮುಚ್ಕೋತೀನಿ. ನಿನ್ನದು?” ಅಂದೆ.

ಅವನಿಗೆ ಅವಮಾನವಾದಂತೆ ಕಂಡಿತು.

ಜುಲೈನಲ್ಲಿ ಕರೆ ಬಂತು. ಮೂರನೆಯ ಮಹಡಿ. ಅಧಿಕಾರಿ ಒಳ್ಳೆಯವರು, ನನಗೆ ಕುರ್ಚಿ ಹಾಕಿಸಿದರು. ನಾನು ಒಪ್ಪಿದ ಮಾತನ್ನಷ್ಟೇ ಹೇಳಿದೆ. ಅವರು ಚರಿತ್ರೆಯ ಪುಸ್ತಕ ತರಿಸಿ, ಪುಟ ಹುಡುಕಿ, ಜೂನ್ ಹದಿನಾಲ್ಕು ಎಂದು ಓದಿದರು. ಪೆನ್ನಿನ ಮುಚ್ಚಳ ತೆಗೆದರು. ಬರೆಯುತ್ತ ಮಾತಿಗೆಂದು ಅಂದರು:

“ಊರಿಗೆ ಮೊಟ್ಟಮೊದಲ ದೀಪ ಹತ್ತಿದ ದಿನವೇ ಹುಟ್ಟಿದೀರಿ. ಪುಣ್ಯವಂತರು ನೀವು.”

ತಮ್ಮ ಮೇಜಿನ ಕಡೆಗೆ ಬಾಗಿದ. ಮೇಜಿನ ಕೆಳಗೆ ನಾನು ಅವನ ಕಾಲು ತುಳಿದೆ. ಚಪ್ಪಲಿ ಹಾಕಿಕೊಂಡೇ ತುಳಿದೆ.

“ಮೊಟ್ಟಮೊದಲು ಅಲ್ಲ, ಸಾರ್” ಅಂದ. “ಅದು ಉದ್ಘಾಟನೆ. ಮೊದಲು ಹತ್ತಿದ್ದು ಹಿಂದಿನ ವರ್ಷ ಏಪ್ರಿಲ್ ಹನ್ನೊಂದು. ಪುಸ್ತಕದಲ್ಲಿ ತಪ್ಪಾಗಿದೆ.”

ಪೆನ್ನು ನಿಂತಿತು. ಅಧಿಕಾರಿ ಅವನನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

“ಅಮ್ಮಾ, ಇವರು ಹುಟ್ಟಿದ್ದು ಯಾವ ದೀಪಕ್ಕೆ?”

ಕೇಳಿದ ಮೇಲೆ ಹೇಳದೆ ವಿಧಿಯಿಲ್ಲ. ಲೈನ್‌ಮ್ಯಾನ್ ದೀಪಕ್ಕೆ ಅಂದೆ.

ಅವರು ಬೆರಳು ಮಡಿಸಿ ಎಣಿಸಿದರು. “ಹಾಗಾದ್ರೆ ಇವರು ಮೂರು ತಿಂಗಳ ಹಿಂದೆಯೇ ಮನೆಗೆ ಹೋಗಬೇಕಿತ್ತು” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಅರ್ಜಿಯನ್ನು ಎರಡಾಗಿ ಮಡಿಸಿ ಅವನ ಕೈಗೇ ಕೊಟ್ಟು, ಮೇಷ್ಟ್ರು ಬರೆದದ್ದೇ ಇರಲಿ, ನೀವು ಇಲ್ಲಿಗೆ ಬರಲೇ ಇಲ್ಲ ಅಂದರು.

ಮೆಟ್ಟಿಲಿಳಿಯುವಾಗ ಅವನು ಕುಂಟುತ್ತಿದ್ದ. ಎರಡನೆಯ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ನಿಂತ.

“ಪುಸ್ತಕ ತಪ್ಪು ಹೇಳ್ತಿತ್ತು ಅಕ್ಕ” ಅಂದ.

“ಹೌದು ಕಣೋ, ನಿನ್ನ ಪರವಾಗಿ ಹೇಳ್ತಿತ್ತು.”

ಸೆಪ್ಟೆಂಬರ್ ಒಂದಕ್ಕೆ ಅವನನ್ನು ಕಳಿಸಿಕೊಟ್ಟರು. ಮೇ ತಿಂಗಳಲ್ಲಿ ಗ್ರಂಥಾಲಯದ ನೂರರ ಸಮಾರಂಭಕ್ಕೆ ಇಬ್ಬರೂ ಹೋದೆವು. ಹಲಗೆಯನ್ನು ಅವನ ಜಾಗಕ್ಕೆ ಬಂದ ಹೆಂಗಸು ಬರೆದಿದ್ದಳು. ಅಕ್ಷರ ಇವನದಕ್ಕಿಂತ ದುಂಡಗಿತ್ತು. ಇವನು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ, ಮತ್ತೆ ಓದಿದ, ಕಿಸೆಯಿಂದ ಚೀಟಿ ತೆಗೆದು ತಾಳೆ ನೋಡಿದ. ಒಂದು ತಪ್ಪೂ ಸಿಗಲಿಲ್ಲ. ಮನೆಗೆ ಬಂದವನು ಮಧ್ಯಾಹ್ನದ ಊಟ ಬೇಡ ಅಂದ.